ಬಿಳಿ ಬಣ್ಣದಲ್ಲಿ ಕಂಡ ಬಿರುಕು

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಗ್ರಾಂಟ್ ರೋಡಿನ ಒಂದು ಹಳೇ ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿದ್ದೆವು. ಕೋಣೆಗೆ ಬೆಳಕು ಬರುತ್ತಿದ್ದುದು ಎಲ್ಲ ಕೋಣೆಗಳ ಮುಂದೆ ಉದ್ದಕ್ಕೆ ಹಾಯ್ದ ಗ್ಯಾಲರಿಯ ಕಡೆಯಿಂದ ಮಾತ್ರ. ಬಾಗಿಲು, ಕಿಟಕಿ, ಚೌಕಟ್ಟು, ಗ್ಯಾಲರಿಯ ಕಂಬ ಎಲ್ಲವೂ ಸಾಗುವಾನಿ. ಎಲ್ಲದಕ್ಕೂ ಯಾವ ಕಾಲದಲ್ಲೋ ಹೊಡೆದ ವಾರ್ನಿಶ್. ಸೀಮೆಎಣ್ಣೆ ಸ್ಟವ್ವಿನ ಹೊಗೆ ಕುಡಿದು ಅದು ಕಪ್ಪುಗಟ್ಟಿತ್ತು. ಮಳೆಗಾಲದಲ್ಲಿ ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಹೆರಿಗೆಗೆ ಊರಿಗೆ ಹೋದವಳು ಐದು ತಿಂಗಳ ಮಗಳನ್ನು ಎತ್ತಿಕೊಂಡು ವಾಪಸು ಬಂದಾಗ ನನಗೆ ಆ ಕತ್ತಲು ಸಹಿಸಲಾಗಲಿಲ್ಲ. ಇದಕ್ಕೆಲ್ಲ ಬಿಳಿ ಬಣ್ಣ ಹೊಡೆಸುವ ಎಂದು ಹಟ ಹಿಡಿದೆ.

ನನ್ನ ಗಂಡ ಅದೇ ರಸ್ತೆಯ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು.

"ಸಾಗುವಾನಿಗೆ ಯಾರಾದ್ರೂ ಬಣ್ಣ ಬಳಿತಾರಾ ಮಾರಾಯ್ತಿ? ಮರದ ಚಂದ ಹೋಗ್ತದೆ."

"ಚಂದ ಕಂಡ್ರೆ ಅಲ್ವಾ ಹೋಗುದು? ಇಲ್ಲಿ ಕಪ್ಪು ಬಿಟ್ರೆ ಎಂಥ ಕಾಣ್ತದೆ ಹೇಳಿ."

ವಾರದೊಳಗೆ, ಹೋಟೆಲಿಗೆ ಬಣ್ಣ ಬಳಿದಿದ್ದ ಪೇಂಟರನ್ನು ಕಳಿಸಿಕೊಟ್ಟರು. ಬಿಜಾಪುರದ ಕಡೆಯವರು, ಐವತ್ತು ದಾಟಿದವರು, ಮಾತು ಕಡಿಮೆ. ಬಾಗಿಲನ್ನು ಅಂಗೈಯಿಂದ ಸವರಿ ನೋಡಿ, "ಈ ಮಿಂಚ ಹೋಗೂತನಕಾ ತಿಕ್ಕಬೇಕ್ರೀ ಅಕ್ಕಾರ. ಹಂಗ ಮ್ಯಾಲೆ ಬಳದ್ರ ಮುಂದಿನ ಮಳಿಗೆ ಬಣ್ಣೆಲ್ಲಾ ಎದ್ದು ಉದರ್ತೈತಿ" ಎಂದರು. ಮೊದಲ ದಿನ ಸೋಡಾ ಹಾಕಿದ ಬಿಸಿನೀರಿನಲ್ಲಿ ಜಿಡ್ಡು ತೊಳೆದರು. ಒಣಗಿದ ಮೇಲೆ ತಗಡಿನ ಪಟ್ಟಿಯಿಂದ ಕೆರೆದರು, ಆಮೇಲೆ ಉಪ್ಪುಕಾಗದ ಹಿಡಿದು ತಿಕ್ಕತೊಡಗಿದರು. ಕೋಣೆಯ ತುಂಬ ಕಂದು ಧೂಳು. ಮಗುವನ್ನು ಎತ್ತಿಕೊಂಡು ಪಕ್ಕದ ಕೋಣೆಯ ಮಾವಶಿಯ ಹತ್ತಿರ ಹೋಗಿ ಕೂತೆ.

ಮಾವಶಿ ಎಂದರೆ ಚಿಕ್ಕಮ್ಮ, ಎಲ್ಲರೂ ಹಾಗೇ ಕರೆಯುತ್ತಿದ್ದರು. ಮರಾಠಿಯವರು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ತನ್ನ ಬಾಗಿಲೆದುರಿನ ಕಂಬಕ್ಕೆ ಬೆನ್ನುಕೊಟ್ಟು ಕೂತು, ಬೇರೆಯವರ ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದರು. ಬಂದ ಹೊಸತರಲ್ಲಿ ನನಗೆ ನಲ್ಲಿ ಸಾಲಿನಲ್ಲಿ ನಿಲ್ಲುವುದನ್ನೂ ಮೀನು ಮಾರುವವಳ ಜೊತೆ ಚೌಕಾಸಿ ಮಾಡುವುದನ್ನೂ ಕಲಿಸಿದ್ದು ಅವರೇ.

ಮೂರನೆಯ ದಿನ ಪೇಂಟರ್ ಕರೆದರು. "ಅಕ್ಕಾರ, ಸ್ವಲ್ಪ ಇಲ್ಲಿ ಬರ್ರಿ."

ನಮ್ಮ ಬಾಗಿಲೆದುರಿನ ಕಂಬದ ವಾರ್ನಿಶ್ ಅರ್ಧ ಕೆರೆದಿದ್ದರು. ಪಟ್ಟಿಯ ಹಿಡಿಕೆಯಿಂದ ಮೇಲೆ ಬಡಿದರು, ಗಟ್ಟಿ ಸದ್ದು. ಸೊಂಟದ ಎತ್ತರದಲ್ಲಿ ಬಡಿದರು, ಖಾಲಿ ಡಬ್ಬದ ಸದ್ದು. ಆಮೇಲೆ ಪಟ್ಟಿಯ ತುದಿಯನ್ನು ಅಲ್ಲಿಟ್ಟು ಒತ್ತಿದರು. ಬಲ ಹಾಕಲೇ ಇಲ್ಲ. ಅದು ಹಿಡಿಕೆಯವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ಕಾಫಿಪುಡಿಯಂಥ ಪುಡಿ ಅವರ ಪಾದದ ಮೇಲೆ ಸುರಿಯಿತು.

"ವಾರ್ನಿಶ್ ಒಂದ ನಿಂತೈತ್ರೀ," ಎಂದರು. "ಒಳಗ ಮರಾ ಇಲ್ಲ."

ಬಾಡಿಗೆ ವಸೂಲಿಗೆ ಬರುತ್ತಿದ್ದ ಮಾಲೀಕನ ಮನುಷ್ಯನನ್ನು ನನ್ನ ಗಂಡ ಕರೆತಂದು ತೋರಿಸಿದರು. ಅವನು ತೂತಿಗೆ ಬೆರಳಿಟ್ಟು ನೋಡಿ, ಬೆರಳನ್ನು ಗೋಡೆಗೆ ಒರೆಸಿ, "ಪುಟ್ಟಿ ಭರ್ ದೋ, ಊಪರ್ ಸೇ ಪೇಂಟ್ ಮಾರೋ" ತೂತಿಗೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದುಬಿಡಿ ಎಂದು ಹೇಳಿ ಮೆಟ್ಟಿಲಿಳಿದ. ಪೇಂಟರ್ ನನ್ನ ಮುಖ ನೋಡಿದರು.

"ತುಂಬತೇನ್ರೀ. ಆದ್ರ ಪುಟ್ಟಿ ಭಾರ ಹೊರೂದಿಲ್ಲ."

"ತುಂಬಿ," ಎಂದೆ. ಹೇಳಿದ್ದು ನಾನೇ. ಬಿಳಿ ಬಣ್ಣ ಬೇಕಾಗಿದ್ದುದು ನನಗೆ.

ಅವರು ಮಾವಶಿಯ ಕಂಬವನ್ನೂ ಕೆರೆದು ನೋಡುತ್ತೇನೆಂದರು. ಮಾವಶಿ ಬಿಡಲಿಲ್ಲ. ಅದಕ್ಕೆ ಪ್ರತಿ ದೀಪಾವಳಿಗೂ ಅವರ ಗಂಡ ಕೈಯಾರೆ ಪಾಲಿಶ್ ಮಾಡುತ್ತಿದ್ದರಂತೆ. "ರಂಗ್ ನಕೋ," ಬಣ್ಣ ಬೇಡವೇ ಬೇಡ ಎಂದುಬಿಟ್ಟರು.

ಪ್ರೈಮರ್ ಒಂದು ಸಲ, ಮೇಲೆ ಎರಡು ಸಲ ಬಿಳಿ. ಕೋಣೆ ಬೇರೆ ಯಾರದೋ ಮನೆಯ ಹಾಗೆ ಬೆಳಗಿತು. ಮಗಳು ಬಾಗಿಲ ಕಡೆಗೇ ನೋಡುತ್ತ ಮಲಗುತ್ತಿದ್ದಳು. ಹತ್ತು ದಿನವಾಗಿರಬೇಕು, ಚೌಕಟ್ಟಿನ ಮೂಲೆಯಲ್ಲಿ ಒಂದು ಕೂದಲು ಅಂಟಿದ್ದು ಕಂಡಿತು. ಹಸಿ ಬಣ್ಣಕ್ಕೆ ನನ್ನದೇ ಕೂದಲು ಹಿಡಿದಿದೆ ಎಂದುಕೊಂಡು ಉಗುರಿನಿಂದ ತೆಗೆಯಹೋದೆ. ಬರಲಿಲ್ಲ. ಉಗುರಿನ ತುದಿ ಒಳಗೆ ಸಿಕ್ಕಿಕೊಂಡಿತು.

ಉಳಿದಿದ್ದ ಒಂದು ಕಿಟಕಿ ಮುಗಿಸಲು ಪೇಂಟರ್ ಬಂದಾಗ ತೋರಿಸಿದೆ. ಅವರು ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಬಿರುಕಿನ ಎರಡೂ ತುದಿಗೆ ಅಡ್ಡಗೆರೆ ಹಾಕಿ, "ನಾಳಿ ನೋಡೂಣ್ರಿ" ಎಂದರು. ಮಾರನೆಯ ಬೆಳಿಗ್ಗೆ ಬಿರುಕು ಗೆರೆ ದಾಟಿ ಒಂದು ಬೆರಳಿನಷ್ಟು ಮುಂದೆ ಹೋಗಿತ್ತು. ಅವರು ಬ್ರಶ್ ಬಿಚ್ಚಲೇ ಇಲ್ಲ.

"ಬಣ್ಣ ಒಡದಿಲ್ರೀ ಅಕ್ಕಾರ, ಚೌಕಟ್ಟ ಸರದೈತಿ. ಕೂಸಿನ್ನ ತಗೊಂಡು ಎಲ್ಲ್ಯರ ಹೋಗ್ರಿ."

ನನ್ನ ಗಂಡ ಒಪ್ಪಲಿಲ್ಲ. "ನಾವು ಹೊರಗೆ ಹೋದ್ರೆ ಮಾಲೀಕ ತನ್ನ ಬೀಗ ಜಡೀತಾನೆ. ಮತ್ತೆ ಈ ಊರಲ್ಲಿ ಕೋಣೆ ಎಲ್ಲಿಂದ ತರುದು?" ಅವರು ಹೇಳಿದ್ದು ಸುಳ್ಳಲ್ಲ. ಖಾಲಿ ಮಾಡಿದವರು ಯಾರೂ ವಾಪಸು ಒಳಗೆ ಬಂದದ್ದಿಲ್ಲ.

ಎರಡು ದಿನ ಕಳೆಯಿತು. ಮಧ್ಯಾಹ್ನ ಮಗುವಿಗೆ ಹಾಲು ಕೊಟ್ಟು ಎದ್ದು ಬಾಗಿಲು ಎಳೆದರೆ ಬರಲೇ ಇಲ್ಲ. ಚಿಲಕ ತೆಗೆದೇ ಇತ್ತು. ಮೇಲಿನಿಂದ ಯಾರೋ ಅದುಮಿ ಹಿಡಿದ ಹಾಗೆ. ಕಿಟಕಿಯಿಂದ ಕೂಗಿದೆ. ಮಾವಶಿ ಗ್ಯಾಲರಿಯಿಂದ ಬಾಗಿ ಹೋಟೆಲಿನ ಕಡೆಗೆ ಕೂಗಿದರು. ನನ್ನ ಗಂಡ ಓಡಿಬಂದು ಹೊರಗಿನಿಂದ ಭುಜ ಕೊಟ್ಟು ನೂಕಿದರು. ನಾಲ್ಕನೆಯ ಸಲಕ್ಕೆ ಬಾಗಿಲು ತೆರೆಯಿತು, ಅದೇ ಹೊತ್ತಿಗೆ ಅವರ ಬೆನ್ನ ಹಿಂದಿನ ಕಂಬದಿಂದ ಬಿಳಿ ಪುಟ್ಟಿಯ ಹಕ್ಕಳೆ ಉದುರಿತು. ಅವರು ತಿರುಗಿ ನೋಡಿದರು. ಆಮೇಲೆ ಟ್ರಂಕು ಹೊರಗೆಳೆದರು.

ನಾವು ಹೊರಟದ್ದು ವಡಾಲದಲ್ಲಿದ್ದ ನನ್ನ ಅಣ್ಣನ ಮನೆಗೆ. ಕೆಳಗೆ ಟ್ಯಾಕ್ಸಿ ನಿಂತಿತ್ತು, ಮಗಳು ಅಳುತ್ತಿದ್ದಳು. ಮಾವಶಿಯ ಬಾಗಿಲಲ್ಲಿ ನಿಂತು, "ಆಪ್ ಭೀ ಚಲೋ ಮಾವಶಿ, ಯಹಾಂ ಮತ್ ರಹೋ," ನೀವೂ ಬನ್ನಿ, ಇಲ್ಲಿರಬೇಡಿ ಎಂದೆ. ಅವರು ತಮ್ಮ ಚೌಕಟ್ಟನ್ನು ಮೇಲಿನಿಂದ ಕೆಳಗಿನವರೆಗೂ ಸವರಿದರು.

"ಮಾಝ್ಯಾ ದಾರಾಲಾ ಬಘ, ಕಾಹೀ ಝಾಲಂ ನಾಹೀ." ನನ್ನ ಬಾಗಿಲಿಗೆ ಏನೂ ಆಗಿಲ್ಲ, ನೋಡು.

ನೋಡಿದೆ. ಕಪ್ಪು ವಾರ್ನಿಶ್. ಅದರಲ್ಲಿ ಬಿರುಕಿದ್ದರೂ ಕಪ್ಪಿನೊಳಗೆ ಕಪ್ಪು, ಯಾರಿಗೂ ಕಾಣುವಂತಿರಲಿಲ್ಲ. ಅದನ್ನು ಅವರಿಗೆ ಹೇಳುವಷ್ಟು ಹಿಂದಿ ನನಗೆ ಬರುತ್ತಿರಲಿಲ್ಲ. ಬಂದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಟ್ಯಾಕ್ಸಿಯವನು ಹಾರ್ನ್ ಹೊಡೆದ. ಇಳಿದುಬಿಟ್ಟೆ.

ಆರನೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಎರಡು ದಿನ ಬಿಡದೆ ಸುರಿದ ಮಳೆಯಲ್ಲಿ, ಗ್ಯಾಲರಿ ಕುಸಿಯಿತು. ಹೋಟೆಲಿನ ಲೋಟಗಳೆಲ್ಲ ಒಮ್ಮೆ ಗಲಗಲ ಎಂದವಂತೆ. ನನ್ನ ಗಂಡ ಬೀದಿಗೆ ಓಡಿಬಂದಾಗ ಧೂಳಿನಲ್ಲಿ ಏನೂ ಕಾಣುತ್ತಿರಲಿಲ್ಲ. ಗ್ಯಾಲರಿ ಬೀಳುವಾಗ ಮಾವಶಿ ಹೊಲಿಯುವ ಸೀರೆ ಹಿಡಿದು ಕಂಬದ ಬಳಿ ಕೂತಿದ್ದರಂತೆ. ಅವರನ್ನು ಹೊರತೆಗೆಯುವಾಗಲೇ ಜೀವ ಇರಲಿಲ್ಲ.

ಹದಿನೈದು ದಿನದ ಮೇಲೆ, ನಾಶಿಕದಲ್ಲಿದ್ದ ಅವರ ಮಗಳು ವಿಳಾಸ ಹುಡುಕಿಕೊಂಡು ವಡಾಲಕ್ಕೆ ಬಂದಳು. ನನ್ನ ಅತ್ತಿಗೆ ಚಹಾ ಕೊಟ್ಟಳು. ಅದು ಆರುವವರೆಗೂ ಬಂದವಳು ಲೋಟ ಹಿಡಿದೇ ಇದ್ದಳು.

"ನೀವು ಆಯಿಗೆ ಹೇಳಿದ್ದಿರಾ?" ಎಂದು ಮರಾಠಿಯಲ್ಲಿ ಕೇಳಿದಳು.

"ಹೇಳಿದ್ದೆ," ಎಂದೆ.

ಎಷ್ಟು ಸಲ ಎಂದು ಅವಳು ಕೇಳಲಿಲ್ಲ. ತಲೆಯಾಡಿಸಿದಳು. ನೆಲದ ಮೇಲೆ ಬೋರಲು ಬಿದ್ದು ಆಡುತ್ತಿದ್ದ ನನ್ನ ಮಗಳನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡು, ಸ್ಟೇಶನ್ನಿಗೆ ಹೊರಡುವವರೆಗೂ ಕೆಳಗಿಳಿಸಲಿಲ್ಲ.