ಮೇಷ್ಟ್ರು ಹುಡುಕುತ್ತಿದ್ದ ಎದೆಯಳತೆ

ಮೇಷ್ಟ್ರ ಎಡಗೈ ಹೆಬ್ಬೆರಳಿನ ಉಗುರು ಬಿಲ್ಲೆಯ ಹಾಗೆ ಚಪ್ಪಟೆಯಾಗಿತ್ತು. ಜೀವಮಾನವಿಡೀ ಟೇಪಿನ ತುದಿಯನ್ನು ಹುಡುಗರ ಎದೆಗೆ ಒತ್ತಿ ಹಿಡಿದದ್ದರ ಫಲ ಅದು ಎನ್ನುತ್ತಿದ್ದರು. ಮೈಸೂರಿನ ಕಾಲೇಜೊಂದರಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದು, ನಿವೃತ್ತರಾದ ಮೇಲೆ ಮಗಳ ಜೊತೆ ಅಡಿಲೇಡಿನ ಬಡಾವಣೆಯಾದ ಬ್ಲೇರ್ ಅಥಾಲ್‌ಗೆ ಬಂದಿದ್ದರು. ನಾನು ಪಕ್ಕದ ಮನೆಯ ಬಾಡಿಗೆದಾರ. ಹಿರಿಯರನ್ನೆಲ್ಲ ಅಂಕಲ್ ಮಾಡಿಬಿಡುವ ನಮ್ಮ ಕನ್ನಡಿಗರ ಗುಂಪಿನಲ್ಲಿ ಅವರೊಬ್ಬರು ಮಾತ್ರ ಮೇಷ್ಟ್ರಾಗಿಯೇ ಉಳಿದರು.

ಪ್ರತಿ ಸೋಮವಾರ ಬೆಳಿಗ್ಗೆ ತಮ್ಮನ್ನೇ ಅಳೆದುಕೊಂಡು ಡೈರಿಯಲ್ಲಿ ಬರೆಯುತ್ತಿದ್ದರು. ಎತ್ತರ ಕಡಿಮೆಯಾದ ದಿನ ಬೇಲಿಯಾಚೆಯಿಂದ ನನ್ನನ್ನು ಕರೆದು, “ಇನ್ನೊಂದು ಕಾಲಿಂಚು ಭೂಮಿಗೆ ವಾಪಸ್ ಕೊಟ್ಬಿಟ್ಟೆ ಕಣಯ್ಯ” ಎಂದು ನಗುತ್ತಿದ್ದರು. ಪಾರ್ಕಿನ ಬಾರ್ಬೆಕ್ಯೂ ಊಟಕ್ಕೆ ಹೋದರೆ ಸಾಸೇಜು ಸುಡುತ್ತಿರುವವನ ಎದೆಯನ್ನು ಕಣ್ಣಲ್ಲೇ ಅಳೆದು “ನಲವತ್ತಮೂರು” ಎಂದು ನನ್ನ ಕಿವಿಯಲ್ಲಿ ಹೇಳುವರು. ಆದರೆ ಅಂದಾಜನ್ನು ಬರೆದಿಡಲು ಬಿಡುತ್ತಿರಲಿಲ್ಲ. “ಅನುಮಾನ ಬಂತಾ, ಇನ್ನೊಂದ್ಸಲ ಅಳಿ. ಅದಕ್ಕೂ ಸೋಮಾರಿತನ ಅಂದ್ರೆ ಟೇಪು ಮುಟ್ಬೇಡ.”

ಅಡಿಲೇಡಿನ ಹಳೆಯ ಕಾಲೇಜೊಂದರ ದಾಖಲೆ ಕೋಣೆಯಲ್ಲಿ ಅವರಿಗೆ ಹತ್ತೊಂಬತ್ತನೆಯ ಶತಮಾನದ ಕಾರ್ಡುಗಳ ಪೆಟ್ಟಿಗೆಯೊಂದು ಸಿಕ್ಕಿತ್ತು. ದೋಣಿ ಪಂದ್ಯಕ್ಕೆ, ಓಟಕ್ಕೆ ತಯಾರಾಗುತ್ತಿದ್ದ ವಿದ್ಯಾರ್ಥಿಗಳ ಕತ್ತು, ಎದೆ, ತೋಳು, ಮೀನಖಂಡಗಳ ಅಳತೆ. ತರಬೇತಿಗೆ ಮುಂಚೆ ಒಂದು, ಮುಗಿದ ಮೇಲೆ ಒಂದು. ಎಲ್ಲರ ಎದೆಯೂ ಹಿಗ್ಗಿತು ಎಂದು ಆ ಕಾಲದ ತರಬೇತುದಾರನ ವರದಿಯೂ ಜೊತೆಗಿತ್ತು. ಮಾಸಿದ ಶಾಯಿ ಮೇಷ್ಟ್ರ ಕಣ್ಣಿಗೆ ಹತ್ತುತ್ತಿರಲಿಲ್ಲ. ಫೋಟೊ ತೆಗೆದು ತಂದು ಅಂಕಿಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನನ್ನದಾಯಿತು. ನಾನು ಡೇಟಾ ಇಂಜಿನಿಯರ್, ಇದೇನು ಮಹಾ ಎಂದುಕೊಂಡೆ. ಇದರಲ್ಲಿ ಏನು ಹುಡುಕುತ್ತಿದ್ದೀರಿ ಎಂದು ಕೇಳಿದ್ದಕ್ಕೆ, “ಹೇಳಲ್ಲ. ಹೇಳಿದ್ರೆ ನಿನ್ನ ಕಣ್ಣು ಅದನ್ನೇ ಓದತ್ತೆ” ಎಂದರು.

ಟೈಪು ಮಾಡಿ ಮುಗಿಸಿದಾಗ ಐದು ಕಾರ್ಡುಗಳಲ್ಲಿ ಎರಡನೆಯ ಎದೆಯಳತೆ ಮೊದಲಿನದಕ್ಕಿಂತ ಕಡಿಮೆ ಬಂತು. ತರಬೇತಿ ಪಡೆದವನ ಎದೆ ಚಿಕ್ಕದಾಗುವುದುಂಟೇ, ನಾನೇ ಹಿಂದುಮುಂದು ಟೈಪಿಸಿರಬೇಕು ಎಂದುಕೊಂಡೆ. ಫೋಟೊ ತೆರೆದು ನೋಡಿದ್ದರೆ ಹತ್ತು ನಿಮಿಷದ ಕೆಲಸ. ಅವತ್ತು ಗೆಳೆಯರ ಮನೆಗೆ ಊಟಕ್ಕೆ ಹೊರಡುವ ಆತುರ. ಎರಡನೆಯದು ಕಡಿಮೆ ಇದ್ದರೆ ಎರಡನ್ನೂ ಅದಲುಬದಲು ಮಾಡು ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದು ಎದ್ದುಬಿಟ್ಟೆ.

ಮರುದಿನ ಮೇಷ್ಟ್ರು ಕೇಳಿದರು, “ಯಾರ ಎದೆಯಾದ್ರೂ ಕಮ್ಮಿ ಆಗಿದ್ಯೇನಯ್ಯ?”

“ಒಬ್ಬರದ್ದೂ ಇಲ್ಲ ಮೇಷ್ಟ್ರೇ. ಎಲ್ಲರದ್ದೂ ಹೆಚ್ಚೇ.”

ಅವರು ಟೇಪನ್ನು ಬೆರಳಿಗೆ ಪೂರ್ತಿ ಸುತ್ತಿಕೊಂಡರು. ಆಮೇಲೆ ಹೇಳಿದರು. “ನನ್ನತ್ರ ಒಬ್ಬ ಓಟಗಾರ ಇದ್ದ. ಮೂರು ತಿಂಗಳು ಓಡಿಸ್ದೆ, ಎದೆ ಒಂದಿಂಚು ಕಮ್ಮಿ ಬಂತು. ಟೇಪು ಜಾರಿರ್ಬೇಕು ಅಂತ ಹಳೇ ಅಳತೇನೇ ಬರ್ದೆ. ಮತ್ತೆ ಅಳೀಲಿಲ್ಲ. ಇನ್ನೂ ಓಡಿಸ್ದೆ. ಅವನಿಗೆ ಕ್ಷಯ ಇತ್ತು. ಗೊತ್ತಾಗೋ ಹೊತ್ತಿಗೆ ಹುಡುಗ ಉಳೀಲಿಲ್ಲ.”

ನನಗೆ ಆ ಐದು ಕಾರ್ಡುಗಳು ನೆನಪಾದವು.

“ಬೇರೆ ಮೇಷ್ಟ್ರುಗಳ ಕೈಲೂ ಹುಡುಗರು ಹೀಗೆ ಕುಗ್ಗಿರ್ತಾರೆ, ಅವರೂ ಮುಚ್ಚಿಟ್ಟಿರ್ತಾರೆ ಅಂದ್ಕೊಂಡಿದ್ದೆ” ಎಂದರು. “ಇಲ್ಲ ಅಂದ್ಮೇಲೆ, ಅದು ನನ್ನೊಬ್ಬನ ಕೈಲೇ ಆಗಿದ್ದು.”

ಇರಿ ಮೇಷ್ಟ್ರೇ, ಇನ್ನೊಮ್ಮೆ ನೋಡುತ್ತೇನೆ ಎನ್ನಲು ಒಂದು ಉಸಿರು ಸಾಕಿತ್ತು. ನೋಡದೆಯೇ ತಿದ್ದಿದ್ದೆ ಎಂದು ಒಪ್ಪಿಕೊಳ್ಳಬೇಕಲ್ಲ ಎಂದು ಬಾಯಿ ಮುಚ್ಚಿಕೊಂಡೆ. ಮನೆಗೆ ಬಂದು ಫೋಟೊ ತೆರೆದೆ. ಐದೂ ಎದೆಗಳು ನಿಜವಾಗಿಯೇ ಕುಗ್ಗಿದ್ದವು. ಒಂದು ಕಾರ್ಡಿನ ಅಂಚಿನಲ್ಲಿ ತರಬೇತುದಾರನೇ ಸಣ್ಣಕ್ಷರದಲ್ಲಿ, ಎರಡು ಸಲ ಅಳೆದೆ ಎಂದು ಬರೆದಿದ್ದ. ನಾಳೆ ಹೇಳೋಣ ಎಂದುಕೊಂಡೆ. ಮುಂದಿನ ಸೋಮವಾರ ಮೇಷ್ಟ್ರು ತಮ್ಮನ್ನು ಅಳೆದುಕೊಳ್ಳಲಿಲ್ಲ. ಆಮೇಲೆ ಯಾವತ್ತೂ ಅಳೆದುಕೊಳ್ಳಲಿಲ್ಲ. ಅದನ್ನು ಕಂಡ ಮೇಲೂ ನಾನು ಹೇಳಲಿಲ್ಲ. ದಿನ ಕಳೆದಷ್ಟೂ ನಾಚಿಕೆ ಹೆಚ್ಚಾಯಿತು, ನಾಚಿಕೆ ಹೆಚ್ಚಿದಷ್ಟೂ ದಿನ ಕಳೆದೆ.

ಅಷ್ಟರಲ್ಲಿ ಪರ್ತ್‌ನಲ್ಲಿ ಕೆಲಸ ಸಿಕ್ಕಿತು. ತಪ್ಪಿಸಿಕೊಂಡವನಂತೆ ಅಲ್ಲಿನ ವಿಲೆಟನ್‌ಗೆ ಬಂದುಬಿಟ್ಟೆ. ಯುಗಾದಿಗೆ ಫೋನು ಮಾಡಿದರೆ ಮೇಷ್ಟ್ರು, “ಎದೆ ಎಷ್ಟಿದೆಯಯ್ಯಾ ಈಗ?” ಎನ್ನುತ್ತಿದ್ದರು. ಮೂವತ್ತೆಂಟು ಎನ್ನುತ್ತಿದ್ದೆ, ಅಳೆದುಕೊಳ್ಳದೆಯೇ.

ನಾಲ್ಕನೆಯ ಯುಗಾದಿಗೆ ಮೊದಲೇ ಅವರು ಹೋದರೆಂದು ಮಗಳ ಮೆಸೇಜು ಬಂತು. ವಿಮಾನ ಹತ್ತಿ ಹೋದೆ. ಅಂತ್ಯಕ್ರಿಯೆ ಮುಗಿದ ಮೇಲೆ ಅವರ ಮಗಳು ನನ್ನ ಪಕ್ಕದಲ್ಲಿ ಬಂದು ಕುಳಿತರು.

“ಅಪ್ಪ ನಿಮ್ಮನ್ನ ತುಂಬಾ ನೆನೆಸ್ಕೋತಿದ್ರು. ಅವನು ನನ್ನ ಹಾಗಲ್ಲ, ಅನುಮಾನ ಬಂದ್ರೆ ಮತ್ತೆ ಅಳೀತಾನೆ ಅಂತಿದ್ರು.”

ನಾನು ತಲೆಯಾಡಿಸಿದೆ. ಐದೂ ಕಾರ್ಡುಗಳ ಫೋಟೊಗಳು ಜೇಬಿನ ಫೋನಿನಲ್ಲೇ ಇದ್ದವು.