ಅಪ್ಪ ಹಿಂದೆ ಸರಿದ ದಿನ

ಮೊನ್ನೆ ಬೈಲಹೊಂಗಲದ ಬಸ್ಸಿನಲ್ಲಿ ಪಕ್ಕದ ಹಿರಿಯರು ನಶ್ಯದ ಡಬ್ಬಿ ತೆಗೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಮೈ ಉರಿಯಿತು. ನಮ್ಮ ಇಂಗ್ಲಿಷ್ ಸರ್ ಮೈಗೆ ಇದೇ ವಾಸನೆ ಇರುತ್ತಿತ್ತು...

ಅವರಷ್ಟು ಚೆನ್ನಾಗಿ ಇಂಗ್ಲಿಷ್ ಕಲಿಸಿದವರನ್ನು ನಾನು ಕಂಡಿಲ್ಲ. ಅವರಷ್ಟು ಕೆಟ್ಟ ನಾಲಿಗೆಯವರನ್ನೂ ಕಂಡಿಲ್ಲ. ಪ್ರತಿಯೊಂದು ಪದದ ಹುಟ್ಟು ಹೇಳುವರು, ಜೊತೆಗೆ ಯಾರದಾದರೂ ಮಾನ ತೆಗೆಯುವರು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಕಬ್ಬು ಕಡಿಯುವ ಹಂಗಾಮಿಗೆಂದು ಅಪ್ಪ ಹದಿನೈದು ದಿನ ಶಾಲೆ ಬಿಡಿಸಿದ್ದ. ಮರಳಿ ಹೋದರೆ ಸರ್ ಬಾಗಿಲಲ್ಲೇ ತಡೆದರು. ಸಾಲಹಳ್ಳಿಯಿಂದ ಗಂಡಿನವರು ಆಗಲೇ ನನ್ನನ್ನು ನೋಡಿಹೋಗಿದ್ದರು. ಶಾಲೆ ತಪ್ಪಿದರೆ ಮದುವೆಯೇ ಗತಿ. ಅತ್ತು ಕರೆದು ಅಪ್ಪನನ್ನು ಕರೆತಂದೆ.

ಅಪ್ಪ ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು ಒಳಗೆ ಬಂದು ಕೈ ಮುಗಿದ.

"ತಪ್ಪು ನಂದ್ರೀ ಸರ. ಕೂಸಿಗೆ ಒಳಗ ಕುಂದ್ರಾಕ ಬಿಡ್ರಿ."

"ಆತು, ನಡೀರಿ," ಎಂದರು ಸರ್, ಮುಖ ಎತ್ತದೆ.

ಸವದತ್ತಿ ಗುಡ್ಡದಲ್ಲಿ ದೇವಿಯ ದರ್ಶನ ಮಾಡಿ ಹೊರಬರುವಾಗ ನಾವು ಬೆನ್ನು ತೋರಿಸುವುದಿಲ್ಲ. ಅಪ್ಪನಿಗೆ ಗುರುವೂ ದೇವರೇ. ಮುಗಿದ ಕೈ ಇಳಿಸದೆ ಹಿಂದೆ ಹಿಂದೆ ಸರಿಯುತ್ತ ಹೋದ. ಹೊಸ್ತಿಲು ಎಡವಿ ತಡವರಿಸಿ, ಸಾವರಿಸಿಕೊಂಡು ಅಂಗಳಕ್ಕೆ ಇಳಿದ.

ಸರ್ ನಶ್ಯದ ಬೆರಳನ್ನು ಬಾಗಿಲ ಕಡೆ ಚಾಚಿದರು.

"ನೋಡಿದ್ರಿಲ್ಲೋ? ಇದಕ್ಕ ಇಂಗ್ಲಿಷಿನ್ಯಾಗ ರಿಕಾಯಿಲ್ ಅಂತಾರ. ಫ್ರೆಂಚರ ಕಡಿಂದ ಬಂದದ್ದು. 'ರಿ' ಅಂದ್ರ ಹಿಂದಕ್ಕ, 'ಕುಲ್' ಅಂದ್ರ ಕುಂಡಿ. ಕುಂಡಿ ಮುಂದ ಮಾಡಿ ಹಿಂದ ಸರಿಯೂದು!"

ತರಗತಿ ಹೋ ಎಂದು ನಕ್ಕಿತು. ನಾನೂ ನಕ್ಕೆ. ಈಗಷ್ಟೇ ಸಿಕ್ಕ ಜಾಗ ಎಲ್ಲಿ ಕಳೆದುಹೋಗುತ್ತದೋ ಎಂಬ ಹೆದರಿಕೆಗೆ, ಎಲ್ಲರಿಗಿಂತ ಜೋರಾಗಿಯೇ ನಕ್ಕೆ.

ಸಂಜೆ ಅಪ್ಪ ಕೇಳಿದ, "ಎಲ್ಲಾರೂ ಯಾಕ ನಕ್ರವಾ?"

"ಸರ್ ಏನೋ ಚಾಷ್ಟಿ ಮಾಡಿದ್ರಪಾ."

"ಚಲೋ ಮನಷ್ಯಾ ಅದಾರ ನೋಡು," ಎಂದ ಅಪ್ಪ.

ನಾನೀಗ ಇಂಗ್ಲಿಷ್ ಕಲಿಸುತ್ತೇನೆ. ಅವರು ಕೊಟ್ಟ ವಿದ್ಯೆಯ ಅನ್ನವನ್ನೇ ಉಣ್ಣುತ್ತೇನೆ, ಅದಕ್ಕೇ ಸಿಟ್ಟು ಇನ್ನೂ ಹೆಚ್ಚು. ಹೋದ ತಿಂಗಳು ಸರ್ ತೀರಿಕೊಂಡರು. ಹೋಗಬಾರದೆಂದುಕೊಂಡೇ ಹೋದೆ. ಹೂವು ಹಾಕಿ ಕೈ ಮುಗಿದೆ. ಕಾಲು ತಾವಾಗಿಯೇ ಹಿಂದೆ ಸರಿದವು, ಎರಡು ಹೆಜ್ಜೆ... ಥೂ ಎನ್ನಿಸಿತು. ಗಕ್ಕನೆ ತಿರುಗಿ, ಅವರಿಗೆ ಬೆನ್ನು ತೋರಿಸಿ ಹೊರಬಂದೆ.

ಅಷ್ಟಾದರೂ ಸಮಾಧಾನ ಆಗಲಿಲ್ಲ. ಅವರ ಲೆಕ್ಕ ಅಲ್ಲಿಗೆ ಮುಗಿಯಿತು, ನನ್ನದು ಮುಗಿದಿಲ್ಲ. ಆ ದಿನ ನಾನೂ ನಕ್ಕಿದ್ದೆನೆಂದು ಅಪ್ಪನಿಗೆ ಹೇಳಬೇಕಿತ್ತು. ಅಪ್ಪ ಹೋಗಿ ಆರು ವರ್ಷವಾಯಿತು.