ಶ್ರೀಕಂಠಯ್ಯನವರ ಇನ್ನೊಬ್ಬ ಹೆಂಡತಿ

ವಾಗೀಶ ಮೇಷ್ಟ್ರು ನಿಂತಲ್ಲಿ ನಿಲ್ಲುವವರಲ್ಲ, ಕೂತಲ್ಲಿ ಕೂರುವವರಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಲೆ ಆ ಚಡಪಡಿಕೆಗೆ ಏನಾದರೊಂದು ಮೇವು ಬೇಕಾಗಿತ್ತು. ವಂಶವೃಕ್ಷ ಸಿಕ್ಕಿತು. ಜಯಲಕ್ಷ್ಮಿಪುರಂನ ಮನೆಯ ಹಾಲಿನ ಮೂಲೆಯಲ್ಲಿ, ಮಗಳು ಮಾಲವಿಕಾ ಓದುವ ಕಾಲಕ್ಕೆ ಕೊಂಡ ಕಂಪ್ಯೂಟರ್ ಇನ್ನೂ ಹೇಗೋ ಉಸಿರಾಡುತ್ತಿತ್ತು. ಅದು ಆನ್ ಆಗುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯುತ್ತಿತ್ತು. ವಂಶಾವಳಿಯ ವೆಬ್‌ಸೈಟಂತೂ ‘ನಿಮ್ಮ ಬ್ರೌಸರ್ ಬಹಳ ಹಳೆಯದು’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ, ಆಮೇಲೆ ಒಲ್ಲದ ಮನಸ್ಸಿನಿಂದ ಅರ್ಧಂಬರ್ಧ ತೆರೆದುಕೊಳ್ಳುತ್ತಿತ್ತು. ಫೋಟೊ ಇರಬೇಕಾದ ಕಡೆ ಬರೀ ಖಾಲಿ ಚೌಕ. ಮೊಬೈಲಿನಲ್ಲೇ ನೋಡಬಹುದಲ್ಲ ಎಂದು ಹೆಂಡತಿ ಕಮಲ ಹೇಳಿದರೆ, ಏಳು ತಲೆಮಾರು ಅಂಗೈಯಗಲದ ಪರದೆಯಲ್ಲಿ ಹಿಡಿಸುತ್ತದೆಯೇ ಎಂದು ಅವರ ಮೇಲೇ ರೇಗುತ್ತಿದ್ದರು.

ಆ ವೃಕ್ಷದಲ್ಲಿ ಅವರ ಹೆಮ್ಮೆಯ ಕೊಂಬೆ ಅಪ್ಪನದು. ಅರಮನೆಯ ಕಚೇರಿಯಲ್ಲಿದ್ದ ಶ್ರೀಕಂಠಯ್ಯನವರು ಮುಚ್ಚುಮರೆ ಇಲ್ಲದ ಮನುಷ್ಯ ಎಂದು ಅಗ್ರಹಾರದಲ್ಲಿ ಹೆಸರಾಗಿದ್ದವರು. ಹೆತ್ತ ತಾಯಿ ಸೀತಾಲಕ್ಷ್ಮಿ, ವಾಗೀಶರು ಅಂಬೆಗಾಲಿಡುವಾಗಲೇ ತೀರಿಕೊಂಡರು. ಅಪ್ಪ ರಾಧಮ್ಮನವರನ್ನು ಮದುವೆಯಾದ ಮೇಲೆ ಹೆತ್ತ ತಾಯಿಯ ಕಡೆಯವರು ಬಂದುಹೋಗುವುದು ನಿಂತಿತು. ಗೋಡೆಯ ಮೇಲೆ ಅಪ್ಪ ಅಮ್ಮನ ಮದುವೆಯ ಫೋಟೊ ಒಂದು ಉಳಿಯಿತು. ಅಮ್ಮ ಹೇಗೆ ಮಾತಾಡುತ್ತಿದ್ದಳು, ಹೇಗೆ ನಗುತ್ತಿದ್ದಳು ಎಂದು ಕೇಳಲು ವಾಗೀಶರಿಗೆ ಯಾರೂ ಇರಲಿಲ್ಲ. ಆ ಕೊರಗನ್ನು ಅವರು ಯಾರ ಮುಂದೆಯೂ ಆಡಿಕೊಂಡವರಲ್ಲ.

ಹೀಗಿರುವಾಗ ವೆಬ್‌ಸೈಟಿನಲ್ಲಿ ದಟ್ಟಗಳ್ಳಿಯಿಂದ ಸಮನ್ವಿತಾ ಎಂಬ ಹುಡುಗಿಯ ಸಂದೇಶ ಬಂತು. ತನ್ನ ಅಜ್ಜಿ ಲಲಿತಮ್ಮ ಅಕ್ಕನ ಮಕ್ಕಳನ್ನು ಹುಡುಕುತ್ತಿದ್ದಾರೆ, ಅಕ್ಕನ ಹೆಸರು ನಂಜಮ್ಮ, ಅಗ್ರಹಾರದ ಶ್ರೀಕಂಠಯ್ಯನವರ ಹೆಂಡತಿ, ಗಂಡನಿಗೆ ಅರಮನೆಯಲ್ಲಿ ಕೆಲಸ. ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಫೋಟೊ ಕಳಿಸಿದ್ದೇನೆ ನೋಡಿ ಎಂದಿತ್ತು. ಫೋಟೊ ಎಂದಿನಂತೆ ಖಾಲಿ ಚೌಕ.

ವಾಗೀಶರ ಕಿವಿ ಬಿಸಿಯಾಯಿತು. ಅಪ್ಪನ ಹೆಸರು, ಬೀದಿ, ಕೆಲಸ ಎಲ್ಲ ಸರಿ, ಹೆಂಡತಿ ಮಾತ್ರ ಬೇರೆ. ‘ನಮ್ಮ ವಂಶದಲ್ಲಿ ನಂಜಮ್ಮ ಎಂದರೆ ನನ್ನ ಅಜ್ಜಿ, ಅಪ್ಪನ ತಾಯಿ, ಒಬ್ಬರೇ. ನೀವು ಹೇಳುವವರು ನಮಗೆ ಸಂಬಂಧಪಟ್ಟವರಲ್ಲ’ ಎಂದು ಬರೆದು ಕಳಿಸಿಬಿಟ್ಟರು. ಬೇರೆ ದಿನ ಹತ್ತು ಸಲ ಹ್ಯಾಂಗ್ ಆಗುವ ಕಂಪ್ಯೂಟರ್ ಅಂದು ಒಂದೇ ಏಟಿಗೆ ಕಳಿಸಿತು.

ಕಳಿಸಿದ್ದೇನೋ ಆಯಿತು, ಮನಸ್ಸು ಕೇಳಬೇಕಲ್ಲ. ಅಮ್ಮ ಇರುವಾಗಲೇ ಅಪ್ಪನಿಗೆ ಇನ್ನೊಬ್ಬ ಹೆಂಡತಿ ಇದ್ದಳೇ? ಅಮ್ಮನಿಗೆ ಅದು ಗೊತ್ತಿತ್ತೇ? ಆ ನೋವಿನಲ್ಲೇ ಹೋದಳೇ? ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅರ್ಧ ನಡೆದು ವಾಪಸ್ಸು ಬಂದರು. ಬಾಯಿಗಿಟ್ಟ ಉಪ್ಪಿಟ್ಟು ರುಚಿಸಲಿಲ್ಲ. ಹೋಗುತ್ತಾ ಬರುತ್ತಾ ಅಪ್ಪನ ಫೋಟೊವನ್ನು ಪೊಲೀಸಿನವರ ಹಾಗೆ ದಿಟ್ಟಿಸಿದರು. ಸತ್ತ ಅಪ್ಪನ ಮೇಲೆ ಹುಟ್ಟಿದ ಸಿಟ್ಟನ್ನು ಎಲ್ಲಿ ಇಡುವುದೆಂದು ತಿಳಿಯದೆ ಹಾಲಿನವನ ಮೇಲೆ ಹರಿಹಾಯ್ದರು.

ನಾಲ್ಕು ದಿನ ನೋಡಿ ಸಾಕಾದ ಕಮಲ ಏನಾಗಿದೆ ನಿಮಗೆ ಎಂದು ಕೂರಿಸಿಕೊಂಡು ಕೇಳಿದರು. ವಾಗೀಶರು ಎಲ್ಲ ಹೇಳಿದರು. ಕಮಲ ತಮ್ಮ ಮೊಬೈಲಿನಲ್ಲಿ ಆ ಸಂದೇಶ ತೆರೆದರು. ಖಾಲಿ ಚೌಕದ ಜಾಗದಲ್ಲಿ ಇಬ್ಬರು ಹುಡುಗಿಯರು ಜಡೆ ಮುಂದಕ್ಕೆ ಹಾಕಿಕೊಂಡು ನಿಂತಿದ್ದರು. ಕಮಲ ಅದನ್ನು ನೋಡಿದರು, ಗೋಡೆಯ ಫೋಟೊ ನೋಡಿದರು, ಮೊಬೈಲನ್ನು ಗಂಡನ ಕೈಗೆ ಕೊಟ್ಟರು. ದೊಡ್ಡ ಹುಡುಗಿ ಅಮ್ಮನೇ.

“ಹೆಸರು ನಂಜಮ್ಮ ಅಂತ ಇದೆಯಲ್ಲೇ,” ಎಂದರು ವಾಗೀಶರು.

“ನಿಮ್ಮಜ್ಜೀನೂ ನಂಜಮ್ಮ. ಅತ್ತೆ ಹೆಸರಿನ ಸೊಸೇನ ಆ ಕಾಲದಲ್ಲಿ ಅದೇ ಹೆಸರು ಹಿಡಿದು ಕೂಗ್ತಿದ್ರಾ? ನಮ್ಮತ್ತಿಗೆಗೂ ಧಾರೆ ದಿನಾನೇ ಹೆಸರು ಬದಲಾಯಿಸಿದ್ರು. ಇತಿಹಾಸ ಹೇಳ್ಕೊಟ್ಟವರು ನೀವು, ಇಷ್ಟೂ ಹೊಳೀಲಿಲ್ವಾ?”

ಹೊಳೆದಿರಲಿಲ್ಲ. ಅಪ್ಪನ ಮೇಲೆ ಸುಮ್ಮನೆ ಅನುಮಾನಪಟ್ಟದ್ದಕ್ಕೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಅಮ್ಮನನ್ನು ಕಣ್ಣಾರೆ ಕಂಡ ಒಂದು ಜೀವ ಇದೇ ಊರಿನಲ್ಲಿರುವಾಗ ಸಂಬಂಧವಿಲ್ಲ ಎಂದು ಬರೆದುಬಿಟ್ಟೆನಲ್ಲ ಎಂದು ಹಳಹಳಿಸಿದರು. ಕಮಲ ಸಂದೇಶದಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಆ ಉತ್ತರವನ್ನು ಅಜ್ಜಿಗೆ ಓದಿ ಹೇಳಲು ಮನಸ್ಸು ಬರಲಿಲ್ಲ, ಬೇಗ ಬನ್ನಿ ಎಂದಳು ಸಮನ್ವಿತಾ. ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡೇ ವಾಗೀಶರು ಸ್ಕೂಟರ್ ತೆಗೆದರು, ಕಮಲ ಹಿಂದೆ ಕೂತರು.

ದಟ್ಟಗಳ್ಳಿಯ ಮನೆಯಲ್ಲಿ ಲಲಿತಮ್ಮ ದಿಂಬಿಗೆ ಒರಗಿದ್ದರು. ವಾಗೀಶರ ಗಲ್ಲ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣು ಅಕ್ಕನದೇ ಎಂದರು. ಅಕ್ಕ ಚೌಕಾಬಾರ ಆಟದಲ್ಲಿ ಮೋಸ ಮಾಡುತ್ತಿದ್ದಳು, ಹುಣಸೆಹಣ್ಣು ಕದ್ದು ತಿನ್ನುತ್ತಿದ್ದಳು ಎಂದು ಒಂದೊಂದೇ ಹೇಳುತ್ತಾ ಹೋದರು. ವಾಗೀಶರು ಹಸಿದವರಂತೆ ಕೇಳಿದರು. ನಡುವೆ ಆಕೆ ತಡೆದು, ಅಕ್ಕನ ತಿಥಿ ಮಾಡುತ್ತೀಯೇನಪ್ಪಾ ಎಂದು ವಿಚಾರಿಸಿದರು. ಬುದ್ಧಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿಲ್ಲ ಎಂದರು ವಾಗೀಶರು.

“ಏನು ಹೆಸರು ಹೇಳಿ ಕರೀತೀಯ?”

“ಸೀತಾಲಕ್ಷ್ಮಿ ಅಂತ, ಚಿಕ್ಕಮ್ಮ.”

ಲಲಿತಮ್ಮ ಸಣ್ಣಗೆ ನಕ್ಕರು. “ಅವಳನ್ನ ಗಂಡನ ಮನೆಗೆ ಬಿಡೋಕೆ ಹೋದಾಗ ಜೊತೇಲಿ ನಾನೂ ಇದ್ದೆ. ಅತ್ತೆ ‘ಸೀತಾ, ಸೀತಾ’ ಅಂತ ಕೂಗ್ತಾನೇ ಇದ್ರು. ಇವಳು ತಿರುಗೂ ನೋಡ್ಲಿಲ್ಲ. ಬೇರೆ ಯಾರನ್ನೋ ಕರೀತಿದಾರೆ ಅಂದ್ಕೊಂಡ್‌ಬುಟ್ಟಿದ್ಲು.”

ವಾಗೀಶರಿಗೆ ನಗು ಬರಲಿಲ್ಲ. ಇಷ್ಟು ವರ್ಷ ದರ್ಭೆ ಹಿಡಿದು, ಎಳ್ಳುನೀರು ಬಿಟ್ಟು, ಪಿಂಡ ಇಟ್ಟು ಕರೆದದ್ದೆಲ್ಲ ಕಣ್ಣ ಮುಂದೆ ಬಂತು. ಅರವತ್ತು ದಾಟಿದ ಮನುಷ್ಯ, ಮಗುವಿನಂತೆ ಕೇಳಿದರು: “ಹಾಗಾದ್ರೆ ಅಮ್ಮ ಬಂದೇ ಇಲ್ವಾ?”

ಲಲಿತಮ್ಮ ಅವರ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡರು.

“ಈ ಸಲ ನಂಜಮ್ಮ ಅಂತ ಕರಿ. ನಾನೂ ಬಂದು ಪಕ್ಕದಲ್ಲಿ ಕೂತಿರ್ತೀನಿ. ಹೆಂಗೆ ಬರಲ್ಲ ನೋಡೋಣ.”

ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದರು ವಾಗೀಶರು. ತಿಥಿಗೆ ಇನ್ನೂ ಮೂರು ತಿಂಗಳಿತ್ತು.